ಹಳಿ ಮೇಲೆ ಇಟ್ಟ ಕೂಡಲೇ ಕೆಂಪು ದೀಪ: ಹಳೆಯ ಮಾಡೆಲ್ ರೈಲು ಎಂಜಿನ್ ರಿಪೇರಿಗೆ ಸಲಹೆ ಬೇಕು

ಶಿರವಾಡದವ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾರವಾರ ಸ್ಟೇಶನ್ ಹತ್ತಿರ, ಶಿರವಾಡದಲ್ಲಿ. ಅಪ್ಪ ಕೊಂಕಣ ರೈಲ್ವೆಯಲ್ಲಿ ಟ್ರ್ಯಾಕ್‌ಮನ್ ಆಗಿದ್ದರು. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಗಸ್ತು ಹೋಗುತ್ತಿದ್ದರು. ಗುಡ್ಡದ ಮಣ್ಣು ಹಳಿ ಮೇಲೆ ಬಿದ್ದಿದೆಯಾ ಅಂತ ನೋಡಿಕೊಂಡು ಬೆಳಗಿನ ಜಾವ ಒದ್ದೆ ಆಗಿ ಮನೆಗೆ ಬರುತ್ತಿದ್ದರು. ಈಗ ನಿವೃತ್ತಿ ಆಗಿದೆ. ಮೊಣಕಾಲು ನೋವು, ಹೊರಗೆ ಹೋಗುವುದು ಕಡಿಮೆ.

ಹೋದ ವಾರ ಊರು ಬಿಟ್ಟು ಹೋಗುತ್ತಿದ್ದ ಒಂದು ಕುಟುಂಬ ಮನೆ ಸಾಮಾನು ಮಾರುತ್ತಿತ್ತು. ಕುಕ್ಕರ್, ಸ್ಟೂಲುಗಳ ನಡುವೆ ಒಂದು ಶೂ ಡಬ್ಬಿ. ಒಳಗೆ ಒಂದು ಡೀಸೆಲ್ ಎಂಜಿನ್, ಎರಡು ಬೋಗಿ, ಒಂದು ಸುತ್ತಿಗೆ ಸಾಕಾಗುವಷ್ಟು ಹಳಿ, ಒಂದು ಕಂಟ್ರೋಲರ್. ಎಂಜಿನ್ ಅಡಿಯಲ್ಲಿ ಇಟಲಿ ಅಂತ ಅಚ್ಚಿದೆ. ಎರಡು ಹಳಿ ನಡುವೆ ಅಳೆದೆ, ಹದಿನಾರೂವರೆ ಮಿಲಿಮೀಟರ್. 900 ರೂಪಾಯಿ ಕೊಟ್ಟು ತಂದೆ. ಅಪ್ಪ ಎಂಜಿನ್ ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿ, ಮೊದಲು ನೋಡಿದ್ದು ಚಕ್ರದ ಅಂಚನ್ನು. ಹೆಬ್ಬೆರಳಿನಿಂದ ಸವರಿ 'ಸವೆದಿಲ್ಲ' ಅಂದರು.

ಆದರೆ ಓಡುತ್ತಿಲ್ಲ. ಹಳಿ ಮೇಲೆ ಇಟ್ಟ ಕೂಡಲೇ ಕಂಟ್ರೋಲರ್‌ನಲ್ಲಿ ಕೆಂಪು ದೀಪ ಹತ್ತುತ್ತದೆ. ಎತ್ತಿದರೆ ದೀಪ ಆರುತ್ತದೆ. ಪೇಟೆಯಲ್ಲಿ ಒಬ್ಬರಿಗೆ ತೋರಿಸಿದೆ. ಬಿಚ್ಚದೆಯೇ 'ಮೋಟರ್ ಸುಟ್ಟಿದೆ, ಬಿಸಾಡಿ' ಅಂದರು. ಬಿಸಾಡಲು ಮನಸ್ಸಿಲ್ಲ. ಯಾರಿಗಾದರೂ ಇದರ ಅನುಭವ ಇದ್ದರೆ ದಯವಿಟ್ಟು ಹೇಳಿ. ನನ್ನ ಹತ್ತಿರ ಮಲ್ಟಿಮೀಟರ್, ಸೋಲ್ಡರಿಂಗ್ ಕಡ್ಡಿ, ಸಣ್ಣ ಸ್ಕ್ರೂಡ್ರೈವರ್ ಸೆಟ್ ಇದೆ.

ಶಿರಸಿ ರೇಡಿಯೋ · ಶನಿವಾರ ರಾತ್ರಿ

ತಮಾ, ಬಿಸಾಡಬೇಡ. ನಾನು 40 ವರ್ಷ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿದವನು. ಟೇಪ್ ರೆಕಾರ್ಡರ್ ಮೋಟರ್ ಮತ್ತು ಇದರ ಮೋಟರ್ ಅಣ್ಣ ತಮ್ಮಂದಿರು. 'ಮೋಟರ್ ಸುಟ್ಟಿದೆ' ಅಂತ ನನ್ನ ಹತ್ತಿರ ಬಂದವುಗಳಲ್ಲಿ ನಿಜವಾಗಿ ಸುಟ್ಟಿದ್ದು ಬಹಳ ಕಡಿಮೆ.

ಕಂಟ್ರೋಲರ್ ಮೇಲೆ ಮತ್ತೆ ಮತ್ತೆ ಪ್ರಯೋಗ ಮಾಡಬೇಡ. ಕೆಂಪು ದೀಪ ಅಂದರೆ ಶಾರ್ಟ್, ಕರೆಂಟ್ ಎಲ್ಲೋ ಅಡ್ಡದಾರಿ ಹಿಡಿದಿದೆ. ಶಾರ್ಟ್ ಮೋಟರ್ ಒಳಗೇ ಇರಬೇಕು ಅಂತೇನಿಲ್ಲ. ಕರೆಂಟ್ ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ತಂತಿಗೆ, ತಂತಿಯಿಂದ ಮೋಟರ್‌ಗೆ ಹೋಗುತ್ತದೆ. ದಾರಿಯನ್ನು ತುಂಡು ಮಾಡಿ ಒಂದೊಂದೇ ನೋಡಬೇಕು.

ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವಚ ತೆಗೆ. ಟವೆಲ್ ಮೇಲೆ ಅಂಗಾತ ಮಲಗಿಸು. ಮೋಟರ್‌ಗೆ ಬರುವ ಎರಡು ತಂತಿಗಳಲ್ಲಿ ಒಂದನ್ನು ಬಿಡಿಸು. ಒಂದು ಹೊಸ 9 ವೋಲ್ಟ್ ಬ್ಯಾಟರಿ ತಂದು ಮೋಟರ್‌ನ ಎರಡು ತುದಿಗೆ ನೇರವಾಗಿ ಮುಟ್ಟಿಸು. ಎರಡೇ ಸೆಕೆಂಡು, ಜಾಸ್ತಿ ಬೇಡ. ಏನಾಗುತ್ತದೆ ಬರೆ.

ಶರಾವತಿ ದಡ · ಭಾನುವಾರ ಬೆಳಿಗ್ಗೆ

ಹೊನ್ನಾವರದಿಂದ. ನನ್ನ ಹತ್ತಿರ ಇಂಥವು ಏಳೆಂಟು ಇವೆ. ಒಂದು ಮಾತು ಸೇರಿಸುತ್ತೇನೆ. ನಿಮ್ಮದು ಎರಡು ಹಳಿಯ 12 ವೋಲ್ಟ್ ಡಿಸಿ. ಹಳಿ ಮಧ್ಯದಲ್ಲಿ ಸಾಲಾಗಿ ಲೋಹದ ಮೊಳೆ ತಲೆಗಳು ಕಂಡರೆ ಅದು ಮಾರ್ಕ್ಲಿನ್ ಅನ್ನುವ ಜರ್ಮನ್ ಕಂಪನಿಯ ರೀತಿಯ ಎಸಿ. ಅದರ ಲೆಕ್ಕವೇ ಬೇರೆ. ನಿಮಗೆ ಅದು ಇಲ್ಲ ಅಂದುಕೊಳ್ಳುತ್ತೇನೆ.

ಬೆರಳಿನಿಂದ ಚಕ್ರ ತಿರುಗಿಸಿ ನೋಡಿ. ಹಳೆಯ ಇಟಲಿ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಚಪ್ಪಟೆ ಮೋಟರ್, ನೇರ ಹಲ್ಲಿನ ಗೇರ್. ಹಾಗಿದ್ದರೆ ಮೆಲ್ಲಗೆ ತಿರುಗುತ್ತದೆ. ಸ್ಕ್ರೂ ಥರದ ವರ್ಮ್ ಗೇರ್ ಇದ್ದರೆ ಬೆರಳಿಗೆ ತಿರುಗುವುದೇ ಇಲ್ಲ. ಒತ್ತಿದರೆ ಹಲ್ಲು ಮುರಿಯುತ್ತದೆ.

ಶಿರವಾಡದವ · ಭಾನುವಾರ ಮಧ್ಯಾಹ್ನ

ನೋಡಿದೆ ಸರ್. ಮೊಳೆ ತಲೆ ಇಲ್ಲ. ಚಪ್ಪಟೆ ಮೋಟರ್ರೇ. ಚಕ್ರ ತಿರುಗುತ್ತದೆ, ಆದರೆ ಬೆಲ್ಲದ ಪಾಕದಲ್ಲಿ ತಿರುಗಿಸಿದ ಹಾಗೆ ಬಿಗಿ.

ಬ್ಯಾಟರಿ ಮುಟ್ಟಿಸಿದರೆ ಜುಂ ಅಂತ ಸದ್ದು. ಮೋಟರ್ ಸ್ವಲ್ಪ ನಡುಗುತ್ತದೆ. ಚಕ್ರಕ್ಕೆ ಬೆರಳಿನಿಂದ ನೂಕು ಕೊಟ್ಟರೆ ಅರ್ಧ ಸುತ್ತು ಹೋಗಿ ನಿಲ್ಲುತ್ತದೆ.

ಶಿರಸಿ ರೇಡಿಯೋ · ಭಾನುವಾರ ಮಧ್ಯಾಹ್ನ

ಒಳ್ಳೆ ಸುದ್ದಿ. ನಡುಗಿತು ಅಂದರೆ ಜೀವ ಇದೆ.

ಕುಮಟಾ ಟೈಲರ್ · ಭಾನುವಾರ ಸಂಜೆ

ನನಗೆ ರೈಲಿನ ವಿಷಯ ಗೊತ್ತಿಲ್ಲ ತಮ್ಮಾ, ಹೊಲಿಗೆ ಯಂತ್ರ ಗೊತ್ತು. ಗೇರ್ ಹತ್ತಿರ ಮೂಗು ಇಟ್ಟು ವಾಸನೆ ನೋಡು. ಕಮಟು ವಾಸನೆ ಬರುತ್ತದಾ? ಅಲ್ಲಿ ಹಳದಿ ಅಂಟು ಇದೆಯಾ?

ನಮ್ಮ ಕಡೆ ಎಷ್ಟೋ ಮನೆಯಲ್ಲಿ ಯಂತ್ರಕ್ಕೆ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಕೈಗೆ ಸಿಗುವುದು ಅದೇ ಅಲ್ವಾ. ಮೊದಲ ದಿನ ಯಂತ್ರ ಚೆನ್ನಾಗಿ ಓಡುತ್ತದೆ. ಚಳಿಗೆ ಅದು ಗಟ್ಟಿ ಆಗುತ್ತದೆ. ಒಂದೆರಡು ವರ್ಷ ಹಾಗೇ ಬಿಟ್ಟರೆ ಧೂಳು ಸೇರಿ ಅರಗಿನ ಹಾಗೆ ಕೂತುಬಿಡುತ್ತದೆ. ಚೌತಿ ಮುಂಚೆ ನನ್ನ ಹತ್ತಿರ ಬರುವ 'ಜಾಮ್ ಆದ' ಯಂತ್ರಗಳ ಕತೆ ಹೆಚ್ಚಾಗಿ ಇದೇ. ನಾನು ಸೀಮೆಎಣ್ಣೆಯಿಂದ ತೊಳೆಯುತ್ತೇನೆ. ನಿನ್ನದರಲ್ಲಿ ಪ್ಲಾಸ್ಟಿಕ್ ಇದೆ, ಅದಕ್ಕೆ ಆಗುತ್ತದಾ ಅಂತ ಶಿರಸಿಯವರನ್ನು ಕೇಳು.

ಶಿರವಾಡದವ · ಭಾನುವಾರ ಸಂಜೆ

ಅಕ್ಕಾ, ಹೌದು! ಹಳೆ ಹಪ್ಪಳದ ಡಬ್ಬಿ ತೆಗೆದ ಹಾಗೆ ವಾಸನೆ. ಗೇರ್ ಹಲ್ಲುಗಳ ನಡುವೆ ಹಳದಿ ಮೇಣ ತುಂಬಿದೆ. ಎರಡು ದಿನದಿಂದ ನೋಡುತ್ತಿದ್ದೇನೆ, ಅದು ಅಲ್ಲೇ ಹಾಕಿದ ಗ್ರೀಸ್ ಅಂದುಕೊಂಡಿದ್ದೆ.

ಶಿರಸಿ ರೇಡಿಯೋ · ಭಾನುವಾರ ರಾತ್ರಿ

ಅಕ್ಕ ಸರಿಯಾಗಿ ಹಿಡಿದರು. ಸೀಮೆಎಣ್ಣೆ ಬೇಡ, ಪೆಟ್ರೋಲ್ ಬೇಡ. ಉಗುರು ಬಣ್ಣ ತೆಗೆಯುವ ದ್ರವವಂತೂ ಮುಟ್ಟಲೇಬೇಡ. ಅದರಲ್ಲಿ ಅಸಿಟೋನ್ ಇದ್ದರೆ ಎಂಜಿನ್ ಕವಚ ಕಣ್ಣೆದುರೇ ಕರಗುತ್ತದೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಅಂತ ಕೇಳು. ಐಸೋಪ್ರೊಪೈಲ್ ಆಲ್ಕೋಹಾಲ್. ಬೇಗ ಆರುತ್ತದೆ, ಅಂಟು ಬಿಡಿಸುತ್ತದೆ. ಬೆಂಕಿ ಹತ್ತಿರ ಇಟ್ಟುಕೊಳ್ಳಬೇಡ, ಕಿಟಕಿ ತೆಗೆದಿಡು.

ಈಗ ಮೋಟರ್ ಬಿಚ್ಚುವ ವಿಷಯ. ಇದನ್ನು ಅವಸರದಲ್ಲಿ ಮಾಡಬಾರದು. ಫ್ಯಾನ್ ಬಂದ್ ಮಾಡು. ನೆಲದ ಮೇಲೆ ಬಿಳಿ ಪಂಚೆ ಹಾಸಿಕೊಂಡು ಕೂರು, ಮೇಜಿನ ಮೇಲೆ ಅಲ್ಲ. ಬ್ರಷ್‌ಗಳ ಹಿಂದೆ ಎರಡು ಸ್ಪ್ರಿಂಗ್ ಇರುತ್ತವೆ, ಅಕ್ಕಿ ಕಾಳಿನಷ್ಟು ದಪ್ಪ. ಹಾರಿದರೆ ಬಿಳಿ ಬಟ್ಟೆ ಮೇಲೆ ಕಾಣುತ್ತದೆ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆ. ಜೋಡಿಸುವಾಗ ನೆನಪು ಕೈಕೊಡುತ್ತದೆ.

ಬ್ರಷ್ ಅಂದರೆ ಕೂದಲಿನ ಬ್ರಷ್ ಅಲ್ಲ, ಇಂಗಾಲದ ಸಣ್ಣ ತುಂಡು. ಎಡಗಡೆಯದು ಎಡಕ್ಕೇ, ಬಲಗಡೆಯದು ಬಲಕ್ಕೇ ಹೋಗಬೇಕು. ಓಡಿ ಓಡಿ ಅವು ತಮ್ಮ ಜಾಗಕ್ಕೆ ಸರಿಯಾಗಿ ತೇದಿರುತ್ತವೆ. ಕಾಗದದ ಮೇಲೆ ಎಡ, ಬಲ ಅಂತ ಬರೆದು ಅಲ್ಲೇ ಇಡು.

ಮುಚ್ಚಳ ತೆಗೆದರೆ ಮಧ್ಯದಲ್ಲಿ ತಾಮ್ರದ ಬಿಲ್ಲೆ ಕಾಣುತ್ತದೆ. ಮೂರು ಹೋಳಾಗಿ ಸೀಳಿರುತ್ತದೆ. ಅದೇ ಕಮ್ಯುಟೇಟರ್. ಬ್ರಷ್ ಅದರ ಮೇಲೆ ತಿಕ್ಕುತ್ತಾ ಮೂರು ಸುರುಳಿಗೆ ಸರದಿಯಲ್ಲಿ ಕರೆಂಟ್ ಕೊಡುತ್ತದೆ. ಹೋಳುಗಳ ನಡುವಿನ ಸೀಳು ಖಾಲಿ ಇರಬೇಕು. ಅಲ್ಲಿ ಇಂಗಾಲದ ಪುಡಿ ಮತ್ತು ಎಣ್ಣೆ ತುಂಬಿದರೆ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ. ಮೋಟರ್ ಜುಂ ಅನ್ನುತ್ತದೆ, ಬಿಸಿ ಆಗುತ್ತದೆ, ತಿರುಗುವುದಿಲ್ಲ. ನಿನ್ನದು ಇದೇ ಅಂತ ನನ್ನ ಅಂದಾಜು.

ತೊಳೆಯುವ ಮುಂಚೆ ಮಲ್ಟಿಮೀಟರ್ ಹಿಡಿದು ಒಂದು, ಎರಡನೇ ಹೋಳಿನ ನಡುವೆ ಓಮ್ ನೋಡು. ಆಮೇಲೆ ಎರಡು, ಮೂರು. ಆಮೇಲೆ ಮೂರು, ಒಂದು. ತೊಳೆದ ಮೇಲೆ ಮತ್ತೆ ನೋಡು. ಮೂರೂ ಸುಮಾರು ಒಂದೇ ಇದ್ದರೆ ಸುರುಳಿ ಚೆನ್ನಾಗಿದೆ. ಹೋಳಿಗೂ ಮೋಟರ್ ನಡುವೆ ತಿರುಗುವ ಕಂಬಿಗೂ ಸಂಪರ್ಕ ಇರಬಾರದು.

ತಾಮ್ರದ ಬಿಲ್ಲೆಯನ್ನು ಐಪಿಎ ಹಚ್ಚಿದ ಹತ್ತಿಯಿಂದ ಒರೆಸು. ಕರಿ ಕಲೆ ಉಳಿದರೆ ಪೆನ್ಸಿಲ್ ರಬ್ಬರ್ ಸಾಕು. ಸ್ಯಾಂಡ್‌ಪೇಪರ್ ಬೇಡ. ಸೀಳಿಗೆ ಸೂಜಿ ಹಾಕಬೇಡ, ತಾಮ್ರ ಗೀರುತ್ತದೆ. ಪೊರಕೆಯಿಂದ ಒಂದು ಹಿಡಿಕಡ್ಡಿ ಕಿತ್ತು ತುದಿ ಚೂಪು ಮಾಡು. ಅಷ್ಟು ಒಳ್ಳೆಯ ಉಪಕರಣ ಅಂಗಡಿಯಲ್ಲಿ ಸಿಗುವುದಿಲ್ಲ.

ಕೊನೆಗೆ ಎಣ್ಣೆ. ಕಂಬಿ ಕೂರುವ ಎರಡು ತುದಿಗೆ, ಸೂಜಿ ಮೊನೆಯಲ್ಲಿ ನಿಂತಷ್ಟು. ಕಮ್ಯುಟೇಟರ್‌ಗೆ ಎಣ್ಣೆ ತಾಗಲೇಬಾರದು.

ಕುಮಟಾ ಟೈಲರ್ · ಭಾನುವಾರ ರಾತ್ರಿ

ಸೂಜಿ ಮೊನೆ ಮಾತು ಸರಿ. ಎಣ್ಣೆ ಜಾಸ್ತಿ ಆದರೆ ಬಟ್ಟೆ ಹಾಳು, ಕಡಿಮೆ ಆದರೆ ಮತ್ತೊಂದು ಹನಿ ಬಿಡಬಹುದು.

ಶಿರವಾಡದವ · ಬುಧವಾರ ರಾತ್ರಿ

ಮೂರು ಸಂಜೆ ಹಿಡಿಯಿತು. ಅಪ್ಪ ಪಕ್ಕದಲ್ಲೇ ಕೂತು ಟಾರ್ಚ್ ಹಿಡಿದರು.

ಮುಚ್ಚಳ ತೆಗೆದಾಗ ತಾಮ್ರ ಕಾಣಲೇ ಇಲ್ಲ. ಪೂರ್ತಿ ಕಪ್ಪು, ಕಾಡಿಗೆ ಬಳಿದ ಹಾಗೆ. ಹಿಡಿಕಡ್ಡಿಯಿಂದ ಒಂದು ಸೀಳು ಕೆರೆದರೆ ಕಪ್ಪು ಎಳೆ ನೂಲಿನ ಹಾಗೆ ಎದ್ದು ಬಂತು. ಅದು ಬಂದ ಕೂಡಲೇ ಕೆಳಗೆ ಗೆರೆ ಸ್ವಚ್ಛವಾಗಿ ಕಂಡಿತು. ಹತ್ತಿ ಕಡ್ಡಿ 14 ಖರ್ಚಾದವು.

ತೊಳೆಯುವ ಮುಂಚೆ ರೀಡಿಂಗ್ 3, 7, 5 ಅಂತ ಹೇಗೆ ಹೇಗೋ ಬರುತ್ತಿತ್ತು. ತೊಳೆದ ಮೇಲೆ 11.2, 11.4, 11.3. ಕಂಬಿಗೆ ಸಂಪರ್ಕ ಇಲ್ಲ. ಒಂದು ಸ್ಪ್ರಿಂಗ್ ನಿಜಕ್ಕೂ ಹಾರಿತು. ಪಂಚೆ ಮೇಲೆಯೇ ಸಿಕ್ಕಿತು.

ಬ್ಯಾಟರಿ ಮುಟ್ಟಿಸಿದೆ. ಜರ್ರ್ ಅಂತ ತಿರುಗಿತು! ಅಮ್ಮ ಅಡುಗೆ ಮನೆಯಿಂದ ಬಂದು ನೋಡಿದರು.

ಆದರೆ ಹಳಿ ಮೇಲೆ ಇಟ್ಟರೆ ಮತ್ತೆ ಅದೇ ಕೆಂಪು ದೀಪ. ಇಲ್ಲಿ ನಾನು ಸೋತೆ. ದಾರಿ ತೋರಿಸಿ.

ಶಿರಸಿ ರೇಡಿಯೋ · ಬುಧವಾರ ರಾತ್ರಿ

ಸೋತಿಲ್ಲ ತಮಾ, ಎರಡು ರೋಗ ಇದ್ದವು, ಒಂದು ವಾಸಿ ಆಯಿತು. ಕಂಟ್ರೋಲರ್ ಉಳಿಸಲು ಒಂದು ಉಪಾಯ. ಕಂಟ್ರೋಲರ್‌ನಿಂದ ಹಳಿಗೆ ಹೋಗುವ ಒಂದು ತಂತಿ ನಡುವೆ ಸ್ಕೂಟರ್ ಇಂಡಿಕೇಟರ್ ಬಲ್ಬ್ ಹಾಕು, 12 ವೋಲ್ಟ್ 10 ವ್ಯಾಟ್. ಸೀರೀಸ್ ಬಲ್ಬ್. ರೇಡಿಯೋದವರೆಲ್ಲ ಇದನ್ನೇ ಹಚ್ಚಿ ಕಲಿತವರು. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಬೇರೆ ಏನೂ ಸುಡುವುದಿಲ್ಲ. ಸರಿ ಇದ್ದರೆ ಬಲ್ಬ್ ಮಂಕಾಗಿರುತ್ತದೆ, ಇಲ್ಲವೇ ಹತ್ತುವುದೇ ಇಲ್ಲ. ಮುಂದಿನದನ್ನು ಹೊನ್ನಾವರದವರು ಹೇಳಲಿ. ಚಕ್ರದ ವಿಷಯ ಅವರಿಗೆ ಚೆನ್ನಾಗಿ ಗೊತ್ತು.

ಶರಾವತಿ ದಡ · ಗುರುವಾರ ಬೆಳಿಗ್ಗೆ

ಮೋಟರ್‌ನ ಒಂದು ತಂತಿ ಬಿಡಿಸಿಯೇ ಇರಲಿ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಒಂದು ಕಡ್ಡಿ ಎಡ ಚಕ್ರಕ್ಕೆ, ಇನ್ನೊಂದು ಬಲ ಚಕ್ರಕ್ಕೆ ಮುಟ್ಟಿಸಿ. ಬೀಪ್ ಬರಬಾರದು. ಬಂದರೆ ಶಾರ್ಟ್ ಇರುವುದು ಚಕ್ರದ ಕಡೆಯೇ.

ಈ ಎಂಜಿನ್‌ಗಳಲ್ಲಿ ಮೋಟರ್ ಇರುವ ಬದಿಯ (ಮುಂದೆ ಅಥವಾ ಹಿಂದೆ) ಚಕ್ರಗಳು ಒಂದು ಹಳಿಯಿಂದ ಕರೆಂಟ್ ಎತ್ತುತ್ತವೆ. ಮೋಟರ್ ಇಲ್ಲದ ಬದಿಯವು ಇನ್ನೊಂದು ಹಳಿಯಿಂದ. ಅದಕ್ಕೆ ಪ್ರತಿ ಆಕ್ಸಲ್‌ನಲ್ಲಿ ಒಂದು ಚಕ್ರ ಮಾತ್ರ ಲೋಹಕ್ಕೆ ನೇರ ಕೂತಿರುತ್ತದೆ. ಇನ್ನೊಂದಕ್ಕೆ ನಡುವೆ ಪ್ಲಾಸ್ಟಿಕ್ ಬುಷ್, ಅಂದರೆ ಸಣ್ಣ ಬಳೆ, ಇರುತ್ತದೆ. ಮೋಟರ್ ಇಲ್ಲದ ಬದಿಯ ಎರಡು ಆಕ್ಸಲ್ ತೆಗೆದು ನೋಡಿ. ಬುಷ್ ಇರುವ ಚಕ್ರಗಳು ಎರಡೂ ಒಂದೇ ಕಡೆ ಇವೆಯಾ?

ಹಿಂದಿನವರು ತೊಳೆಯಲು ತೆಗೆದು ಒಂದನ್ನು ತಿರುಗಿಸಿ ಹಾಕಿದ್ದರೆ, ಒಂದು ಆಕ್ಸಲ್ ಎಡ ಹಳಿ ಹಿಡಿಯುತ್ತದೆ, ಇನ್ನೊಂದು ಬಲ ಹಳಿ. ನಡುವಿನ ಲೋಹದ ಪಟ್ಟಿ ಎರಡನ್ನೂ ಸೇರಿಸಿಬಿಡುತ್ತದೆ. ಅಷ್ಟು ಸಾಕು ಶಾರ್ಟ್‌ಗೆ. ನೋಡಲು ಎರಡೂ ಚಕ್ರ ಒಂದೇ ಥರ ಕಾಣುತ್ತವೆ. ಹೆಚ್ಚು ಬೆಳಕಿನಲ್ಲಿ ನೋಡಿ.

ಶಿರವಾಡದವ · ಗುರುವಾರ ರಾತ್ರಿ

ಓಡಿತು!

ಬೀಪ್ ಬಂತು. ಎರಡು ಆಕ್ಸಲ್ ತೆಗೆದು ಅಪ್ಪನ ಅಂಗೈ ಮೇಲೆ ಇಟ್ಟೆ. ನನಗೆ ವ್ಯತ್ಯಾಸ ಕಾಣಲಿಲ್ಲ. ಅಪ್ಪ ಟಾರ್ಚ್ ಓರೆ ಹಿಡಿದು 'ಇದರ ಮಧ್ಯೆ ಕಪ್ಪು ಬಳೆ ಇದೆ, ಅದು ಆ ಕಡೆ ಇದೆ' ಅಂದರು. ನೀವು ಹೇಳಿದ ಹಾಗೇ ಒಂದು ಉಲ್ಟಾ ಇತ್ತು. ತಿರುಗಿಸಿ ಹಾಕಿದೆ. ಬೀಪ್ ಹೋಯಿತು.

ಬಲ್ಬ್ ಹಚ್ಚಿಯೇ ಹಳಿಗೆ ಇಟ್ಟೆ. ಬಲ್ಬ್ ಒಳಗಿನ ತಂತಿ ಕೆಂಡದ ಹಾಗೆ ಸ್ವಲ್ಪ ಕೆಂಪಾಯಿತು ಅಷ್ಟೆ. ಎಂಜಿನ್ ಒಮ್ಮೆ ಅಲುಗಿ, ಮೆಲ್ಲಗೆ ಹೊರಟಿತು. ಜಗುಲಿ ಮೇಲೆ ಆರು ಸುತ್ತು. ಅಪ್ಪ ಏನೂ ಮಾತಾಡಲಿಲ್ಲ. ಪ್ರತಿ ಸುತ್ತಿಗೂ ತಲೆ ತಿರುಗಿಸಿ ನೋಡುತ್ತಿದ್ದರು.

ಈಗ ಉಳಿದ ತೊಂದರೆ ಎರಡು. ಕೆಲವು ಜಾಗದಲ್ಲಿ ತಡೆದು ತಡೆದು ಹೋಗುತ್ತದೆ. ಎರಡೂ ಬೋಗಿ ಹಚ್ಚಿದರೆ ಚಕ್ರ ಜಾರುತ್ತದೆ.

ಭಟ್ಕಳ ಬಂದರ್ · ಶುಕ್ರವಾರ ಬೆಳಿಗ್ಗೆ

ಭಾಯಿ, ಖುಷಿ ಆಯ್ತು ಓದಿ. ನಮ್ಮ ಮನೆಯಲ್ಲೂ ಮಾಮಾ ದುಬೈಯಿಂದ ತಂದ ಒಂದು ಸೆಟ್ ಇದೆ, ಅದಕ್ಕೇ ಗೊತ್ತು.

ಜಾರುವುದಕ್ಕೆ ಕಾರಣ ರಬ್ಬರ್. ಮೋಟರ್ ಬದಿಯ ಕೆಲವು ಚಕ್ರದ ಸುತ್ತ ಕಚ್ಚು ಇರುತ್ತದೆ, ಅದರಲ್ಲಿ ತೆಳು ರಬ್ಬರ್ ಟೈರ್ ಕೂರುತ್ತದೆ. ಹಳೆಯದು ಒಣಗಿ ಗಾಜಿನ ಹಾಗೆ ನುಣುಪಾಗಿರುತ್ತದೆ, ಇಲ್ಲವೇ ಬಿದ್ದುಹೋಗಿರುತ್ತದೆ. ಕಚ್ಚಿನ ಅಡ್ಡಳತೆ, ಅಗಲ ಎರಡನ್ನೂ ವರ್ನಿಯರ್‌ನಲ್ಲಿ ಅಳೆಯಿರಿ. ಆನ್‌ಲೈನ್‌ನಲ್ಲಿ ಅಳತೆ ಹೇಳಿಯೇ ತರಿಸಬೇಕು. ಸಡಿಲ ಇದ್ದರೆ ಕಳಚುತ್ತದೆ, ದಪ್ಪ ಇದ್ದರೆ ಎಂಜಿನ್ ಓಲಾಡುತ್ತದೆ. ಫೆವಿಕ್ವಿಕ್ ಹಚ್ಚಿ ಅಂಟಿಸಬೇಡಿ. ನಾನು ಹಾಗೆ ಮಾಡಿ ಒಂದು ಚಕ್ರ ಕಳೆದುಕೊಂಡೆ.

ಶರಾವತಿ ದಡ · ಶುಕ್ರವಾರ ಬೆಳಿಗ್ಗೆ

ತಡೆಯುವುದು ಹಳಿಯ ಕೊಳೆಗೆ. ರಬ್ಬರ್ ಇರುವ ಚಕ್ರ ಕರೆಂಟ್ ಎತ್ತುವುದಿಲ್ಲ, ಹಾಗಾಗಿ ಉಳಿದವು ಚೊಕ್ಕ ಇರಲೇಬೇಕು.

ಒಂದು ಅಯಸ್ಕಾಂತ ತಂದು ಹಳಿಗೆ ಹಿಡಿಯಿರಿ. ಅಂಟಿದರೆ ಉಕ್ಕಿನ ಹಳಿ. ಅಂಟದಿದ್ದರೆ ಹಿತ್ತಾಳೆ ಅಥವಾ ನಿಕಲ್ ಸಿಲ್ವರ್. ನಿಕಲ್ ಸಿಲ್ವರ್‌ನಲ್ಲಿ ಹೆಸರಿಗೆ ಮಾತ್ರ ಬೆಳ್ಳಿ. ಇರುವುದು ತಾಮ್ರ, ನಿಕಲ್, ಸತು. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಉಕ್ಕಿನ ಹಳಿ ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತದೆ. ಐಪಿಎ ಬಟ್ಟೆಯಿಂದ ಒರೆಸಿ. ಸ್ಯಾಂಡ್‌ಪೇಪರ್ ಉಜ್ಜಿದರೆ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಮಳೆಗಾಲಕ್ಕೆ ಎಂಜಿನ್ ಅನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹಳೆಯ ಸ್ಪಂಜಿನಲ್ಲಿ ಇಡಬೇಡಿ. ಸ್ಪಂಜು ಪುಡಿ ಆಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ.

ಶಿರವಾಡದವ · ಶುಕ್ರವಾರ ರಾತ್ರಿ

ಅಯಸ್ಕಾಂತ ಅಂಟಿತು, ಉಕ್ಕು. ಒರೆಸಿದೆ, ಬಟ್ಟೆ ಕಪ್ಪಾಯಿತು. ಈಗ ತಡೆಯುವುದು ಬಹಳ ಕಡಿಮೆ.

ಇನ್ನೊಂದು ಆಸೆ ಇದೆ. ಇದಕ್ಕೆ ಬಣ್ಣ ಬಳಿದು ನಮ್ಮ ರೈಲ್ವೆಯ ಡೀಸೆಲ್ ಎಂಜಿನ್ ಡಬ್ಲ್ಯುಡಿಎಂ-2 ಮಾಡಬಹುದಾ? ಅಪ್ಪನ ಕಾಲದ ಎಂಜಿನ್ ಅದೇ.

ಶರಾವತಿ ದಡ · ಶುಕ್ರವಾರ ರಾತ್ರಿ

ಬಣ್ಣ ಬಳಿಯಬಹುದು, ಆದರೆ ನನ್ನ ಮಾತು ಕೇಳಿದರೆ ಬೇಡ. ಡಬ್ಲ್ಯುಡಿಎಂ-2ಗೆ ಆರು ಆಕ್ಸಲ್, ಮುಂದೆ ಮೂರು, ಹಿಂದೆ ಮೂರು. ನಿಮ್ಮದಕ್ಕೆ ನಾಲ್ಕೇ. ನಿಮ್ಮಪ್ಪ ಮೊದಲ ನೋಟಕ್ಕೇ ಹಿಡಿಯುತ್ತಾರೆ.

ಅಳತೆಯ ವಿಷಯವೂ ಇದೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಇಂಥ ಮಾಡೆಲ್‌ಗಳ ಅಳತೆ 1:87ಕ್ಕೆ (87ರಲ್ಲಿ ಒಂದು ಪಾಲಿಗೆ) ಇಳಿಸಿದರೆ 19 ಮಿಲಿಮೀಟರ್ ಮೇಲೆ ಆಗುತ್ತದೆ. ನಿಮ್ಮ ಹದಿನಾರೂವರೆ ಹಳಿ ಯುರೋಪಿನ 1435 ಮಿಲಿಮೀಟರ್ ಗೇಜ್‌ನ ಲೆಕ್ಕ. ಭಾರತದ ಎಂಜಿನ್ ಮಾಡುವವರು ಸಾಮಾನ್ಯವಾಗಿ ಇದೇ ಹಳಿ ಮೇಲೆ ಓಡಿಸುತ್ತಾರೆ, ತಪ್ಪಲ್ಲ. ಇದನ್ನು ಇಟಲಿಯದ್ದಾಗಿಯೇ ಬಿಡಿ. ಅದರ ಮೂಲ ಬಣ್ಣ ಚೆನ್ನಾಗಿದೆ.

ನಾನು ನಮ್ಮೂರ ಶರಾವತಿ ರೈಲು ಸೇತುವೆ ಮಾಡಲು ಹೊರಟಿದ್ದೆ. ನಿಜವಾದದ್ದು 2 ಕಿಲೋಮೀಟರ್ ಮೇಲೆ 65 ಮೀಟರ್. 1:87ರಲ್ಲಿ ಮಾಡಿದರೂ 23 ಮೀಟರ್ ದಾಟುತ್ತದೆ. ನಮ್ಮ ಮನೆ ಅಂಗಳಕ್ಕೂ ಹಿಡಿಸುವುದಿಲ್ಲ. ಈಗ ಆರು ಕಂಬದ ಒಂದು ತುಂಡು ಮಾತ್ರ ಮಾಡುತ್ತಿದ್ದೇನೆ.

ಶಿರಸಿ ರೇಡಿಯೋ · ಶನಿವಾರ ಬೆಳಿಗ್ಗೆ

ನಮ್ಮ ಶಿರಸಿಗೆ ನಿಜವಾದ ರೈಲೇ ಇಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಚಾವಿ ಕೊಡುವ ತಗಡಿನ ರೈಲು ಬರುತ್ತಿತ್ತು, ಅದೇ ನಾವು ಸಣ್ಣವರಿದ್ದಾಗ ನೋಡಿದ ಮೊದಲ ರೈಲು. ಅದಕ್ಕೇ ನಿನ್ನ ಎಂಜಿನ್ ಓಡಿದ್ದು ಓದಿ ನನಗೆ ಇಷ್ಟು ಸಂತೋಷ.

ಆ ಹಳೆ ಕಂಟ್ರೋಲರ್ ನಂಬಬೇಡ. ಹೊಸದು ನೀನೇ ಮಾಡು. 15 ವೋಲ್ಟ್ ಡಿಸಿ ಅಡಾಪ್ಟರ್, ವೋಲ್ಟ್ ಹೆಚ್ಚು ಕಡಿಮೆ ಮಾಡುವ ಎಲ್‌ಎಂ317 ಐಸಿ, 240 ಓಮ್ ರೆಸಿಸ್ಟರ್, ತಿರುಗಿಸಲು 2.2 ಕಿಲೋ ಓಮ್ ಪಾಟ್. ಸುಮಾರು ಒಂದೂಕಾಲು ವೋಲ್ಟ್‌ನಿಂದ ಹನ್ನೆರಡೂವರೆ ತನಕ ಸಿಗುತ್ತದೆ. ಐಸಿ ಬಿಸಿ ಆಗುತ್ತದೆ, ದೊಡ್ಡ ಹೀಟ್‌ಸಿಂಕ್ ಹಾಕು. ಹಿಂದೆ ಮುಂದೆ ಓಡಿಸಲು ಆರು ಕಾಲಿನ ಟಾಗಲ್ ಸ್ವಿಚ್. ನಿಂತ ಮೇಲೆಯೇ ದಿಕ್ಕು ಬದಲಿಸು. ಸೀರೀಸ್ ಬಲ್ಬ್ ತೆಗೆಯಬೇಡ, ಅದು ಅಲ್ಲೇ ಇರಲಿ.

ಕುಮಟಾ ಟೈಲರ್ · ಶನಿವಾರ ಮಧ್ಯಾಹ್ನ

ಇಲ್ಲಿ ಓದಿ ನನ್ನ ಅಂಗಡಿಯ ಯಂತ್ರದ ಮೋಟರ್ ಬ್ರಷ್ ಕೂಡ ತೆಗೆದು ನೋಡಿದೆ. ಒಂದು ಅರ್ಧ ಸವೆದಿತ್ತು. ಹೊಸ ಜೋಡಿ ಹಾಕಿಸಿದೆ. ಕಿಡಿ ಹಾರುವುದು ನಿಂತಿತು.

ಶಿರವಾಡದವ · ಭಾನುವಾರ ಸಂಜೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಣ್ಣ ಬಳಿಯುವುದಿಲ್ಲ. ಅಪ್ಪನನ್ನೂ ಕೇಳಿದೆ. 'ನಮ್ಮದಕ್ಕೆ ಹನ್ನೆರಡು ಚಕ್ರ, ಇದು ಬೇರೆಯವರ ಗಾಡಿ, ಹಾಗೇ ಇರಲಿ' ಅಂದರು. ಎಲ್‌ಎಂ317 ಸಾಮಾನು ಹುಬ್ಬಳ್ಳಿಗೆ ಹೋಗುವ ಗೆಳೆಯನಿಗೆ ಬರೆದು ಕೊಟ್ಟಿದ್ದೇನೆ. ಟೈರ್ ಆರ್ಡರ್ ಮಾಡಿದೆ. ಬಂದ ಮೇಲೆ ಎರಡೂ ಬೋಗಿ ಹಚ್ಚಿ ನೋಡಿ ಇಲ್ಲೇ ಬರೆಯುತ್ತೇನೆ.

ಅಪ್ಪ ಕರೆಯುತ್ತಿದ್ದಾರೆ. ಬಾಗಿಲ ಹತ್ತಿರದ ತಿರುವಿನಲ್ಲಿ ಒಂದು ಜಾಯಿಂಟ್ ತಗ್ಗಿದೆಯಂತೆ, ಎಂಜಿನ್ ಅಲ್ಲಿ ಬಂದಾಗ ಸದ್ದು ಬೇರೆ ಬರುತ್ತದಂತೆ. ಅದರ ಅಡಿಯಲ್ಲಿ ಇಡಲು ದಪ್ಪ ರಟ್ಟು ಬೇಕಂತೆ.